ಹಿಂದಿನಿಂದ ಕರೆಯಬಾರದು

ಆಗ ಕೊಯಮತ್ತೂರಿನ ಕಡೆಯ ನೆಗಮಂ ಊರಿನ ನಮ್ಮ ಕನ್ನಡ ನೇಕಾರರ ಮನೆಯಲ್ಲಿ ಹೊರಟವರನ್ನು ಹಿಂದಿನಿಂದ ಕರೆಯುವ ಹಾಗಿರಲಿಲ್ಲ. ಅಪ್ಪ ಬುತ್ತಿ ಮರೆತು ಹೋದರೆ ನಾನು ಹಿತ್ತಿಲ ಸಂದಿಯಲ್ಲಿ ಓಡಿ, ಅವರಿಗಿಂತ ಮುಂಚೆ ಹುಣಸೆಮರದ ಹತ್ತಿರ ನಿಂತು, ಎದುರಾಗಿ ಬಂದು ಕೊಡಬೇಕು. ಎಷ್ಟೋ ಸಲ ಬುತ್ತಿಗಿಂತ ನಾನೇ ಹೆಚ್ಚು ಬಿಸಿಯಾಗಿರುತ್ತಿದ್ದೆ. ಇದು ಅಜ್ಜಿಯ ಕಾನೂನು.

ನನಗೆ ಹತ್ತು ವರ್ಷವಿದ್ದಾಗ, ಆಡಿ ತಿಂಗಳ ಆಷಾಢದ ಗಾಳಿಯಲ್ಲಿ, ಸೂಲೂರಿನ ಕಡೆ ಜಿಲ್ಲಾ ಕ್ರೀಡಾಕೂಟ ನಡೆಯಿತು. ಮೈದಾನದಲ್ಲಿ ಓಟ, ಜಿಗಿತ, ಕಬಡ್ಡಿ. ಹೊರಗಿನ ರಸ್ತೆಯಲ್ಲಿ ಸೈಕಲ್ ಪಂದ್ಯ. ಅಕ್ಕ ರೇವತಿ ಅದರಲ್ಲಿದ್ದಳು. ಮೊದಲು ಬಂದವಳಿಗೆ ಮಾತ್ರ ರಾಜ್ಯ ಪಂದ್ಯ. ಸೋತರೆ ಸೈಕಲ್ ಬಿಟ್ಟು ಮಗ್ಗಕ್ಕೆ ಕೂರಬೇಕು ಎಂದು ಅಪ್ಪ ಹೇಳಿಬಿಟ್ಟಿದ್ದರು.

ಹಿಂದಿನ ಸಂಜೆ ಅಕ್ಕ ಚೈನಿಗೆ ಎಣ್ಣೆ ಬಿಡುತ್ತಾ ನನ್ನನ್ನು ಹತ್ತಿರ ಕರೆದಳು.

"ಯಾರಾದ್ರೂ ನನ್ ಬೆನ್ನಿಗೆ ಬಂದ್ರೆ ಕೂಗು. ಎಲ್ರೂ ತಮಿಳಲ್ಲೇ ಕೂಗ್ತಾರೆ, ನಂಗೊಂದೂ ಕೇಳ್ಸಲ್ಲ. ನೀ ನಮ್ಮ ಮಾತಲ್ಲಿ ಕೂಗು. ಅದ್ ಕೇಳ್ಸುತ್ತೆ."

"ಸರಿ ಅಕ್ಕ."

ಮರುದಿನ ನಾನು, ಅಜ್ಜಿ ಕೊನೆಯ ತಿರುವಿನ ಮೋರಿ ಕಟ್ಟೆಯ ಮೇಲೆ ಕೂತೆವು. ಸೈಕಲ್ ಪಂದ್ಯ ನೋಡುವುದೆಂದರೆ ಮುಕ್ಕಾಲುಪಾಲು ಖಾಲಿ ರಸ್ತೆ ನೋಡುವುದು. ನಾಲ್ಕು ಸುತ್ತು. ಒಂದೊಂದು ಸುತ್ತಿಗೂ ಅರ್ಧ ತಾಸು ಕಾಯಬೇಕು; ಅವರು ಬಂದು ಹೋಗುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಆಮೇಲೆ ಮತ್ತೆ ಗಾಳಿ, ತೆಂಗಿನ ಗರಿಗಳ ಸದ್ದು, ದೂರದಲ್ಲಿ ಇಳಿಯುವ ವಿಮಾನ. ಅಜ್ಜಿ ಬಟ್ಟೆಯ ಗಂಟು ಬಿಚ್ಚಿ ಬೇಯಿಸಿದ ಕಡಲೆಕಾಯಿ ಕೊಡುತ್ತಿದ್ದಳು. ಅವಳ ಕೈಗೆ ನೂಲಿನ ಗಂಜಿಯ ವಾಸನೆ, ಕಡಲೆಕಾಯಿಗೂ ಅದೇ ವಾಸನೆ. ನನಗೆ ಅರೆನಿದ್ದೆ ಬರುತ್ತಿತ್ತು. ಆ ಬೆಳಗು ಮುಗಿಯುವುದೇ ಇಲ್ಲ ಅನ್ನಿಸುತ್ತಿತ್ತು, ಮುಗಿಯದಿದ್ದರೇ ಒಳ್ಳೆಯದು ಅಂತಲೂ.

ಕೊನೆಯ ಸುತ್ತಿನಲ್ಲಿ ಅಕ್ಕ ಒಬ್ಬಳೇ ಮುಂದೆ ಬಂದಳು. "ವಾಮ್ಮಾ, ವಾ!" ಎಂದು ತಮಿಳಿನಲ್ಲಿ ಕೂಗುತ್ತಾ ಜನ ಎದ್ದು ನಿಂತರು. ಅವಳು ನಮ್ಮನ್ನು ದಾಟಿದಳು. ಗೆದ್ದೆನೆಂದುಕೊಂಡು ಬೆನ್ನು ನೆಟ್ಟಗೆ ಮಾಡಿ ಪೆಡಲು ಸಡಿಲಿಸಿದಳು. ಆಗ ತಿರುವಿನಿಂದ ಹಳದಿ ಅಂಗಿಯವಳೊಬ್ಬಳು ನುಗ್ಗಿ ಬಂದಳು.

ನಾನು ಬಾಯಿ ತೆರೆದೆ. ಆದರೆ ಅಕ್ಕ ಆಗಲೇ ಮುಂದೆ ಹೋಗಿದ್ದಳು. ಕಾಣುತ್ತಿದ್ದುದು ಅವಳ ಬೆನ್ನು. ಅಜ್ಜಿಯ ಮುಖ ನೋಡಿದೆ. ಬಾಯಿ ನಾನೇ ಮುಚ್ಚಿಕೊಂಡೆ.

ಗೆಲುವಿನ ಗೆರೆಯ ಹತ್ತಿರ ಹಳದಿ ಅಂಗಿ ಒಂದು ಗಾಲಿಯಷ್ಟು ಮುಂದಿತ್ತು.

ಅಕ್ಕ ಸೈಕಲ್ ತಳ್ಳಿಕೊಂಡು ಬಂದಳು. "ಕೂಗ್ಲಿಲ್ವಾ?" ಎಂದು ಕೇಳಿದಳು, ಅಷ್ಟೇ.

ಅಜ್ಜಿಯೇ ಉತ್ತರ ಕೊಟ್ಟಳು. "ನೀ ದಾಟ್ಬುಟ್ಟಿದ್ದೆ, ನನ್ ಕಣ್ಣು. ಹಿಂದಿಂದ ಹೆಂಗೆ ಕರ್ಯೋದು?"

ಅಕ್ಕ ಸೈಕಲನ್ನು ಮೋರಿ ಕಟ್ಟೆಗೆ ಒರಗಿಸಿದಳು. "ಅದೂ ಸರಿ" ಎಂದು ಕಡಲೆಕಾಯಿಗೆ ಕೈ ಚಾಚಿದಳು. ಅವಳು ಬೈದಿದ್ದರೆ ನಾನು ಎಂದೋ ಮರೆಯುತ್ತಿದ್ದೆ.

ಅಜ್ಜಿ ಈಗಿಲ್ಲ. ಅಕ್ಕ ಕರುಮತ್ತಂಪಟ್ಟಿಯಲ್ಲಿ ಪವರ್‌ಲೂಮ್ ನಡೆಸುತ್ತಾಳೆ. ಕೊಯಮತ್ತೂರಿನ ನನ್ನ ಮನೆಯಲ್ಲಿ ದಿನಾ ಬೆಳಗ್ಗೆ ನಾನು ಮಗಳನ್ನು ಹಿಂದಿನಿಂದಲೇ ಕೂಗುತ್ತೇನೆ, ಅದೂ ತಮಿಳಿನಲ್ಲಿ. ಕನ್ನಡದಲ್ಲಿ ಕೂಗಿದರೆ ಅವಳು ನಿಲ್ಲುವುದಿಲ್ಲ.

ಕಳೆದ ತಿಂಗಳು ಮಗಳ ಶಾಲೆಯವರು ಸೇರಿದ್ದ ಕ್ರೀಡಾಕೂಟಕ್ಕೆ ಅಕ್ಕನೂ ಬಂದಿದ್ದಳು. ಸೈಕಲ್ ಪಂದ್ಯದ ತಿರುವಿನಲ್ಲೇ ನಿಂತೆವು. ಯಾರದೋ ಮನೆಯ ಹುಡುಗಿ ಮುಂದಾಗಿ ನಮ್ಮನ್ನು ದಾಟಿದಳು, ಹಿಂದೆಯೇ ಇನ್ನೊಬ್ಬಳು ಬಂದಳು. ಅಕ್ಕ ತಟ್ಟನೆ ಎರಡು ಹೆಜ್ಜೆ ರಸ್ತೆಗಿಳಿದು ಗಂಟಲು ಬಿರಿಯುವಂತೆ ನಮ್ಮ ಮಾತಿನಲ್ಲೇ ಕೂಗಿದಳು:

"ಹಿಂದೆ ಬರ್ತಾವ್ಳೆ, ತುಳಿಯೇ! ತುಳಿ!"

ಆ ಹುಡುಗಿ ತಿರುಗಲಿಲ್ಲ. ಅಷ್ಟು ಜನರಲ್ಲಿ ಆ ಮಾತು ತಿಳಿದದ್ದು ನನಗೊಬ್ಬಳಿಗೇ.