ಗಿರಿಜೆಯ ಪಾಲಿನ ಲೋಟ

ನನ್ನ ಹೆಂಡತಿ ಗಿರಿಜೆ ತಾನಾಗಿ ಯಾವತ್ತೂ ಮದ್ಯ ಕೇಳಿದವಳಲ್ಲ. ಕೇಳಿದಳು ಎಂದು ಅಪ್ಪನ ಮುಂದೆ ಹೇಳಿದವನು ನಾನು — ಅದು ಸುಳ್ಳು. ಆ ಸುಳ್ಳನ್ನು ಅವಳು ವರ್ಷಗಟ್ಟಲೆ ಹೊತ್ತಳು, ನಾನು ಆರಾಮಾಗಿ ಇದ್ದೆ.

ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮ ಮನೆ ರಾಜಾಜಿನಗರದಲ್ಲಿ. ಕೆಲಸವೂ ಅಲ್ಲೇ, ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ. ಹೊಸ ಮೆಷಿನ್ ಕೂರಿಸಲು ಇಂಗ್ಲೆಂಡಿನಿಂದ ಬಂದಿದ್ದ ಇಂಜಿನಿಯರು ವಾಪಸು ಹೊರಡುವಾಗ ನನ್ನ ಕೈಗೊಂದು ಬಾಟಲಿ ಕೊಟ್ಟರು. ಅವರ ಊರಿನ ಏಲ್ — ಬಿಯರಿನ ಜಾತಿಯದೇ, ಬಣ್ಣ ಮಾತ್ರ ಕಡು ಕಂದು.

ನಮ್ಮದು ದಿನಾ ಲಿಂಗಪೂಜೆ ನಡೆಯುವ ಮನೆ. ಅಪ್ಪ, ಅಮ್ಮ ಮಠಕ್ಕೆ ಹೋಗಿದ್ದ ಒಂದು ಭಾನುವಾರ ಮಧ್ಯಾಹ್ನ ಬಾಟಲಿ ತೆಗೆದೆ. ಒಬ್ಬನೇ ಕುಡಿಯಲು ಅಳುಕು. ‘ಒಂದೇ ಗುಟುಕು ಕಣೇ, ಯಾರಿಗೂ ಗೊತ್ತಾಗಲ್ಲ’ ಎಂದು ಗಿರಿಜೆಯನ್ನು ಪೀಡಿಸಿದೆ. ಬೇಡ ಅಂದಳು. ಮತ್ತೂ ಬೇಡ ಅಂದಳು. ನಾನು ಬಿಡಲಿಲ್ಲ.

ನನಗೆ ಸಿಕ್ಕಿದ್ದು ಬರೀ ಕಹಿ. ಅವಳು ಕುಡಿದ ಬಗೆಯನ್ನು ಹೇಗೆ ಹೇಳಲಿ... ನೊರೆ ಇಳಿಯುವವರೆಗೆ ಕಾದಳು. ಮೂಸಿ ನೋಡಿದಳು. ಸಣ್ಣ ಗುಟುಕನ್ನು ನಾಲಿಗೆಯ ಮೇಲೆ ನಿಲ್ಲಿಸಿಕೊಂಡು ಕಣ್ಣು ಮುಚ್ಚಿದಳು.

‘ರೀ, ಇದು ಕಾಳು ಮೊಳಕೆ ಕಟ್ಟಿ ಒಣಗಿಸಿ ಹುರಿದಿದ್ದು, ನಾವು ರಾಗಿ ಮಾಡ್ತೀವಲ್ಲ ಹಾಗೆ. ಮೊದಲು ಕಹಿ, ಆಮೇಲೆ ಪಾಕ ಸ್ವಲ್ಪ ತಳ ಹಿಡಿದ ಬೆಲ್ಲ, ಕೊನೇಲಿ ಕಿತ್ತಳೆ ಸಿಪ್ಪೆ. ಯಾರೋ ತುಂಬಾ ತಾಳ್ಮೆಯಿಂದ ಮಾಡಿದಾರೆ.’

ಮತ್ತೊಮ್ಮೆ ಕುಡಿದೆ — ಅವಳು ಹೇಳಿದ್ದೆಲ್ಲ ಅಲ್ಲಿತ್ತು. ಯಾರೋ ದೂರದೇಶದವನ ಕೆಲಸವನ್ನು ಒಂದೇ ಗುಟುಕಿನಲ್ಲಿ ಗುರುತಿಸಿ ಗೌರವಿಸಿದವಳು! ಅಂಥವಳ ಎದುರು ಕೂತಿದ್ದೇನೆ ಎಂದು ಹೆಮ್ಮೆಯಾಯಿತು.

ಅಷ್ಟರಲ್ಲಿ ಗೇಟಿನ ಸದ್ದು. ಅಪ್ಪ ಬೇಗ ಬಂದಿದ್ದರು. ಬಾಟಲಿ ನೋಡಿದರು, ಲೋಟಗಳನ್ನು ನೋಡಿದರು.

‘ಇನ್ನೊಂದು ಲೋಟ ಯಾರದು?’ ಎಂದು ನನ್ನನ್ನು ಕೇಳಿದರು.

‘ಅವಳೇ ರುಚಿ ನೋಡ್ಬೇಕು ಅಂದ್ಲು ಅಪ್ಪಾ. ಅದಕ್ಕೇ ತಂದೆ.’

ಗಿರಿಜೆ ನನ್ನ ಮುಖ ನೋಡಿದಳು. ಸಿಟ್ಟಲ್ಲ — ಪರಿಚಯವಿಲ್ಲದವನನ್ನು ನೋಡುವ ಹಾಗೆ. ಲೋಟಗಳನ್ನೆತ್ತಿಕೊಂಡು ಒಳಗೆ ಹೋದಳು.

ಅಂದಿನಿಂದ ಅಪ್ಪ ಅವಳ ಕೈಯಡುಗೆ ಉಣ್ಣಲಿಲ್ಲ. ಅವರಿಗಾಗಿ ಅಮ್ಮ ಬೇರೆ ಒಲೆ ಹಚ್ಚಿದಳು. ಅಂಥ ನಾಲಿಗೆಯ, ಅಂಥ ಕೈಯ ಸೊಸೆ ಮಾಡಿದ ಸಾರಿನ ಒಂದು ತೊಟ್ಟೂ ಮುಟ್ಟದೆ ಅಪ್ಪ ತೀರಿಕೊಂಡರು. ನಾನು ದಿನಾ ಎರಡೂ ಒಲೆಗಳನ್ನು ನೋಡುತ್ತಿದ್ದೆ, ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಳ್ಳುತ್ತ...

ಮೊನ್ನೆ ಮನೆಯವರೆಲ್ಲ ಸೇರಿದ್ದಾಗ ನನ್ನ ತಂಗಿ ನಗುತ್ತ ಅಂದಳು: ‘ನಮ್ಮ ಅತ್ತಿಗೆಗೆ ಆ ಕಾಲಕ್ಕೇ ಬಿಯರ್ ಬೇಕಿತ್ತು.’ ಎಷ್ಟೋ ಸಲ ಕೇಳಿದ್ದ ತಮಾಷೆ. ಈ ಸಲ ನನ್ನಿಂದ ಸುಮ್ಮನಿರಲಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಗಿರಿಜೆ ತಂಗಿಯ ಕಡೆ ತಿರುಗಿ ಅಂದಳು: ‘ಬಲವಂತ ಮಾಡಿದ್ದು ಇವರು, ನಿಜ. ಆದ್ರೆ ಇಷ್ಟಪಟ್ಟು ಕುಡಿದಿದ್ದು ನಾನೇ. ತುಂಬಾ ಚೆನ್ನಾಗಿತ್ತು. ಮಾವ ನನ್ನನ್ನ ಕೇಳಿದ್ದಿದ್ರೆ ಅವರ ಎದುರಿಗೂ ಇದನ್ನೇ ಹೇಳ್ತಿದ್ದೆ.’

ಹೌದು, ಅವಳು ಹೇಳುತ್ತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ಕೇಳಿದ್ದು ನನ್ನನ್ನು.