ಒಂದೇ ಸಲ ಸುತ್ತಬಹುದಾದ ರೀಲು

ನಮ್ಮತ್ತೆ ಕೆಲಸದಿಂದ ಬಂದವರೇ ಮಗುವಿಗೆ ಕೈ ಚಾಚುತ್ತಾರೆ. ನಾನು ಬಚ್ಚಲಿನ ಕಡೆ ಬೆರಳು ತೋರಿಸುತ್ತೇನೆ. "ಫಿಲ್ಮ್ ಮುಟ್ಟೋಕೆ ಮುಂಚೆ ಕೈ ತೊಳೀರಿ ಅಂತ ಬಂದೋರಿಗೆಲ್ಲ ಹೇಳೋಳು ನಾನು. ಮನೆಗೆ ಬಂದ್ರೆ ನನಗೇ ಹೇಳೋಳು ಒಬ್ಬಳಿದ್ದಾಳೆ," ಎಂದು ಗೊಣಗುತ್ತಾ ಮೊಣಕೈವರೆಗೂ ತೊಳೆದುಕೊಳ್ಳುತ್ತಾರೆ.

ಅತ್ತೆಗೆ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕೆಲಸ. ಹಳೇ ಪತ್ರಿಕೆಗಳನ್ನೆಲ್ಲ ಅಲ್ಲಿ ಮೈಕ್ರೋಫಿಲ್ಮ್ ರೀಲುಗಳಲ್ಲಿ ಇಟ್ಟಿದ್ದಾರೆ. ಒಂದು ವರ್ಷದ ಪತ್ರಿಕೆ ಅಂಗೈಯಲ್ಲಿ ಕೂರುವಷ್ಟು ಚಿಕ್ಕ ಡಬ್ಬಿಯೊಳಗೆ! ಓದಬೇಕೆಂದರೆ ರೀಲನ್ನು ಯಂತ್ರಕ್ಕೆ ಸಿಕ್ಕಿಸಿ, ಹಿಡಿ ತಿರುಗಿಸುತ್ತಾ ಹೋಗಬೇಕು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಓಡುತ್ತವೆ. ಹೊಸಬರಿಗೆ ಬಸ್ಸಿನಲ್ಲಿ ಬಂದಂತೆ ಹೊಟ್ಟೆ ತೊಳಸುತ್ತದೆ. ಅಂಥವರಿಗೆಂದೇ ಅತ್ತೆ ಮೇಜಿನ ಖಾನೆಯಲ್ಲಿ ಪೆಪ್ಪರ್‌ಮೆಂಟ್ ಇಟ್ಟಿರುತ್ತಾರೆ.

ಅವರು ಅಲ್ಲಿಗೆ ಸೇರಿದ್ದು ಮದುವೆಗೂ ಮುಂಚೆ, ಪತ್ರಿಕೆಗಳನ್ನು ಫಿಲ್ಮಿಗೆ ಇಳಿಸುತ್ತಿದ್ದ ಕಾಲದಲ್ಲಿ. ಕ್ಯಾಮೆರಾದ ಕೆಳಗೆ ಪುಟ ಹರಡಿ, ಸುಕ್ಕು ಸವರಿ, ಕೈ ಹಿಂದೆ ತೆಗೆಯುವುದೇ ಕೆಲಸ. ಎಲ್ಲ ಮುಗಿದ ಮೇಲೆ ಜಾಗ ಸಾಲದೆಂದು ಕಾಗದವನ್ನೆಲ್ಲ ರದ್ದಿಗೆ ಹಾಕಿದರು. ಕಟ್ಟು ಕಟ್ಟಿದ್ದು ಅತ್ತೆಯೇ. "ಕಾಗದ ಪುಡಿಯಾಗುತ್ತೆ, ಫಿಲ್ಮ್ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ ಅಂದ್ರು. ನಂಬಿ ಗಂಟು ಹಾಕಿದೆ," ಎನ್ನುತ್ತಾರೆ. ಹೇಳುವಾಗ ನಗುತ್ತಾರೆ, ಆದರೆ ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ಒಂದು ಸಂಜೆ ಅತ್ತೆ ಕೈ ತೊಳೆದು ಬಂದು ಮಗುವನ್ನು ಎತ್ತಿಕೊಂಡ ಮೇಲೂ ನನಗೆ ಸಮಾಧಾನವಾಗಲಿಲ್ಲ.

"ಅತ್ತೆ, ನಿಮ್ಮ ಸ್ವೆಟರ್ ಹುಳಿ ವಾಸನೆ ಹೊಡೀತಿದೆ. ವಿನೆಗರ್ ಥರ. ಪಾಪುಗೆ ಕೆಮ್ಮು ಗಿಮ್ಮು ಹತ್ತಿಕೊಂಡ್ರೆ ಏನು ಮಾಡೋದು?"

"ಇವಳ ಮೂಗಿಗೆ ಯಾರಾದ್ರೂ ಸಂಬಳ ಕೊಡಬೇಕಪ್ಪ," ಎಂದರು ನನ್ನ ಗಂಡ. "ಮೊನ್ನೆ ಬಿಸಿಲಿಗೇ ವಾಸನೆ ಇದೆ ಅಂದ್ಲು."

ಅತ್ತೆ ನಗಲಿಲ್ಲ. ಮಗುವನ್ನು ಮಗನ ಕೈಗೆ ಕೊಟ್ಟು, ಸ್ವೆಟರಿನ ತೋಳಿಗೆ ಮೂಗು ಒತ್ತಿ ಉಸಿರು ಎಳೆದರು. ಮತ್ತೆ ಎಳೆದರು. "ನನಗೇನೂ ಗೊತ್ತಾಗ್ತಿಲ್ಲವಲ್ಲೇ," ಎನ್ನುವಾಗ ಮುಖ ಬಿಳಚಿಕೊಂಡಿತ್ತು. "ಎಷ್ಟು ದಿನದಿಂದ ಬರ್ತಿದೆ?"

"ಕೆಲವು ದಿನದಿಂದ. ಹೇಳಿದ್ರೆ ಬೇಜಾರು ಮಾಡ್ಕೋತೀರಿ ಅಂತ ಸುಮ್ಮನಿದ್ದೆ."

"ಎಲ್ಲದಕ್ಕೂ ಬಾಯಿ ಮಾಡ್ತೀಯ, ಇದಕ್ಕೆ ಸುಮ್ಮನಿದ್ಯಾ?"

ಹಳೇ ಫಿಲ್ಮ್ ಹಳಸತೊಡಗಿದರೆ ವಿನೆಗರ್ ವಾಸನೆ ಬಿಡುತ್ತದಂತೆ. ಒಂದು ಹಳಸಿದರೆ ಅದರ ಗಾಳಿಗೆ ಪಕ್ಕದ್ದೂ ಹಳಸುತ್ತದೆ. ದಿನವಿಡೀ ಅದೇ ಕೋಣೆಯಲ್ಲಿ ಕೂತ ಅತ್ತೆಯ ಮೂಗಿಗೆ ಅದು ಅಭ್ಯಾಸವಾಗಿ ಹೋಗಿತ್ತು.

ಮರುದಿನ ಗಂಡನಿಗೆ ರಜೆ. ಹಾಲು ಎಷ್ಟು ಬಿಸಿ ಇರಬೇಕು, ಮಗು ಮಲಗಿದಾಗ ಉಸಿರು ಹೇಗೆ ನೋಡಬೇಕು ಎಂದೆಲ್ಲ ಒಪ್ಪಿಸಿ, ಜೀವ ಮನೆಯಲ್ಲೇ ಬಿಟ್ಟು ಅತ್ತೆಯ ಹಿಂದೆ ಹೊರಟೆ. ನೆಲಮಾಳಿಗೆಯಲ್ಲಿ ಅತ್ತೆ ಒಂದೊಂದೇ ಡಬ್ಬಿ ತೆರೆದು ನನ್ನ ಮೂಗಿಗೆ ಹಿಡಿದರು. ಇಲ್ಲ, ಇಲ್ಲ, ಇಲ್ಲ. ಕೆಳಗಿನ ಖಾನೆ ಎಳೆದ ಕೂಡಲೇ ಕಣ್ಣು ಉರಿಯಿತು. ಅದರಲ್ಲೊಂದು ರೀಲು ಅಂಚೆಲ್ಲ ಅಲೆಅಲೆಯಾಗಿ ಮುದುಡಿತ್ತು. ಈ ಊರಿನಿಂದ ಬರುತ್ತಿದ್ದ ಸಂಜೆ ಪತ್ರಿಕೆಯ ಒಂದು ಇಡೀ ವರ್ಷ.

ಗ್ರಂಥಾಲಯದ ಮುಖ್ಯಸ್ಥರು ಬಂದು ನೋಡಿದರು. ಒಳ್ಳೆಯ ಮನುಷ್ಯರೇ. "ಬೇರೆಯವನ್ನ ದೂರ ಇಡಿಸಿ, ನಕಲು ಮಾಡಿಸೋಣ. ಇದು ಮಾತ್ರ ಕೈ ಮೀರಿದೆ, ಸಂಜೆಯೊಳಗೆ ಹೊರಗೆ ಹಾಕಿ. ಇಡೀ ಕೋಣೆಗೆ ಅಂಟಿಸಿಕೊಳ್ಳೋದು ಬೇಡ," ಎಂದರು.

"ಸಂಜೆವರೆಗೆ ನನ್ನದು ತಾನೇ?" ಎಂದರು ಅತ್ತೆ.

ಫಿಲ್ಮು ಹಪ್ಪಳದಷ್ಟು ಗರಿಗರಿಯಾಗಿತ್ತು. ಸುತ್ತಿದರೆ ಒಂದೇ ಸಲ, ಅದೂ ಎಲ್ಲಿವರೆಗೆ ತಡೆಯುತ್ತದೋ ಅಲ್ಲಿವರೆಗೆ. ಪರದೆಯ ಮೇಲೆ ಬಂದ ಪ್ರತಿ ಪುಟವನ್ನೂ ನನ್ನ ಫೋನಿನಲ್ಲಿ ಫೋಟೋ ತೆಗೆಯುವುದೆಂದು ಅತ್ತೆ ತೀರ್ಮಾನಿಸಿದರು. ಹಿಡಿ ತಿರುಗಿಸುವುದಕ್ಕೆ ನಡುಗದ ಕೈ ಬೇಕಿತ್ತು. ಅಷ್ಟರಲ್ಲಿ, ದಿನವೂ ಹಳೇ ಪತ್ರಿಕೆ ಹುಡುಕಲು ಬರುವ ಗಡಿಯಾರ ರಿಪೇರಿಯವರೊಬ್ಬರು ಬಂದರು. ಅವರು ಹುಡುಕುತ್ತಿದ್ದುದೂ ಅದೇ ಪತ್ರಿಕೆಯಲ್ಲೇ. ಅಂಗಡಿ ತೆರೆದ ವರ್ಷ ಅರ್ಧ ಪುಟದ ಜಾಹೀರಾತು ಕೊಟ್ಟಿದ್ದೆ ಎಂದು ಅವರ ವಯಸ್ಸಾದ ಅಪ್ಪ ಹೇಳುತ್ತಾರಂತೆ. ಅಮ್ಮ ಬುರುಡೆ ಎನ್ನುತ್ತಾರಂತೆ. ಅದು ಯಾವ ವರ್ಷವೆಂದು ಯಾರಿಗೂ ಸರಿಯಾಗಿ ನೆನಪಿಲ್ಲ. ಅವರು ವಾರ ವಾರವಾಗಿ ಓದುತ್ತಾ ಬಂದು, ಸರಿಯಾಗಿ ಈ ರೀಲಿನ ಹೊಸ್ತಿಲಲ್ಲಿ ನಿಂತಿದ್ದರು. ಗಡಿಯಾರದ ಮುಳ್ಳು ಹಿಡಿದು ಪಳಗಿದ ಕೈಯೇ ಸರಿ ಎಂದು ಅತ್ತೆ ಹಿಡಿ ತಿರುಗಿಸುವ ಕೆಲಸವನ್ನು ಅವರಿಗೇ ಒಪ್ಪಿಸಿದರು.

"ಅಕ್ಕಾ, ನಡುನಡುವೆ ನಿಲ್ಲಿಸಿ ಒಂದು ಕಣ್ಣು ಹಾಯಿಸ್ಲಾ?" ಎಂದು ಕೇಳಿದರು.

"ನಿಲ್ಲಿಸಿದ್ರೆ ದೀಪದ ಬಿಸಿಗೆ ಸುಟ್ಟು ಮುದುಡುತ್ತೆ ಕಣ್ರಿ. ನೀವು ಪರದೆ ನೋಡೋ ಹಾಗೇ ಇಲ್ಲ. ಫಿಲ್ಮಿನ ಅಂಚು ನೋಡ್ತಾ ತಿರುಗಿಸಬೇಕು."

"ಮದುವೆ ಮನೆಗೆ ಕರೆದು ಊಟಕ್ಕೆ ಬೆನ್ನು ಹಾಕಿ ಕೂರಿಸಿದ ಹಾಗಾಯ್ತು," ಎನ್ನುತ್ತಾ ತೋಳು ಮಡಚಿ ಕೂತರು.

ಅವರು ಕೂದಲೆಳೆಯಷ್ಟು ತಿರುಗಿಸುವುದು, ಅತ್ತೆ "ಹೂಂ" ಎನ್ನುವುದು, ನಾನು ಕ್ಲಿಕ್ಕಿಸುವುದು. ಎಂದೋ ಬಂದ ನೆರೆ, ಸಿನಿಮಾ, ಅಕ್ಕಿಯ ದರ, ಮದುವೆಯಾದವರ ಫೋಟೋ, ಕಳೆದುಹೋದ ಹಸು, ಎಲ್ಲ ಕಪ್ಪು ಪರದೆಯಲ್ಲಿ ಬಿಳಿಯಾಗಿ ಬಂದು ಹೋಗುತ್ತಿದ್ದವು. ನಡುವೆ ಫೋನು ಕುಣಿಯಿತು. ಗಂಡ! ಪಾಪುಗೇನಾಯ್ತೋ! ಅತ್ತೆ ತಕ್ಷಣ ದೀಪ ಆರಿಸಿದರು. "ಮಾತಾಡು. ನಿನ್ನ ಕೈ ನಡುಗಿದ್ರೆ ಪುಟ ನಡುಗುತ್ತೆ."

ಬಾಟಲಿಯ ಮುಚ್ಚಳ ಎಲ್ಲಿದೆ ಎಂದು ಕೇಳಲು ಮಾಡಿದ್ದರು. ಬೈದು ಇಟ್ಟೆ. ಅತ್ತೆ ದೀಪ ಹಾಕಿದರು. ಮತ್ತೆ ತಿರುಗಿಸಿದ್ದೇ ತಡ, ಫಿಲ್ಮು ಸಣ್ಣಗೆ ಚಿಟ್ ಎಂದಿತು. ಬಿರುಕು ಅಂಚಿನಲ್ಲೇ ನಿಂತಿತ್ತು, ಪುಟ ದಾಟಿತು.

ಮಧ್ಯಾಹ್ನ ಕಳೆದ ಮೇಲೆ, ವರ್ಷದ ಕೊನೆಯ ತಿಂಗಳಿಗೆ ಬರುವಾಗ ಅದು ತುಂಡಾಯಿತು. ಉಳಿದ ಸುರುಳಿ ಬೆಲ್ಲದ ಹಾಗೆ ಅಂಟಿಕೊಂಡಿತ್ತು, ಜಪ್ಪಯ್ಯ ಅಂದರೂ ಬಿಡಲಿಲ್ಲ. ಅತ್ತೆ ಉಗುರಿನ ತುದಿಯಿಂದ ಒಮ್ಮೆ ಎಬ್ಬಿಸಲು ನೋಡಿ ಕೈಬಿಟ್ಟರು. ನನಗೆ ಅಳು ಬಂತು. ಆ ಫೋನು ಬರದೇ ಇದ್ದಿದ್ದರೆ?

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಮಾರಾಯ್ತಿ. ಇಲ್ಲದ್ದನ್ನ ತಲೆ ಮೇಲೆ ಹೊತ್ಕೋಬೇಡ," ಎಂದರು ಅತ್ತೆ. ರೀಲನ್ನು ತಗಡಿನ ಡಬ್ಬಿಗೆ ಹಾಕಿ ಮುಚ್ಚಿ, ತಾವೇ ಹೊರಗೆ ಒಯ್ದು ಬಂದರು. "ಹನ್ನೊಂದು ತಿಂಗಳು ಉಳೀತು. ರದ್ದಿ ಕಟ್ಟಿದ ಕೈಗೆ ಅಷ್ಟು ಸಾಕು."

ಸಂಜೆ ಗಡಿಯಾರದವರು ನಮ್ಮ ಮನೆಗೇ ಬಂದರು, ಅವರೇ ನೆನಪು ಮಾಡಿಕೊಂಡು ಕೈ ತೊಳೆದು ಕೂತರು. ಮಗು ಅತ್ತೆಯ ತೊಡೆಯ ಮೇಲೆ, ಫೋನು ಮೇಜಿನ ಮೇಲೆ. ಪುಟ ಸರಿಸುತ್ತಾ ಸರಿಸುತ್ತಾ ಅವರು ಒಮ್ಮೆಲೇ ಬೆರಳು ಊರಿದರು.

ಮೂಲೆಯಲ್ಲಿ, ಹಲ್ಲುಪುಡಿಯ ಜಾಹೀರಾತಿನ ಕೆಳಗೆ, ಮೂರು ಸಾಲು. ಎಲ್ಲ ಬಗೆಯ ಗಡಿಯಾರಗಳನ್ನು ರಿಪೇರಿ ಮಾಡಿಕೊಡಲಾಗುವುದು. ಅಂಗಡಿಯ ವಿಳಾಸ. ಅಪ್ಪನ ಹೆಸರು.

ಅವರು ಮೂರು ಸಾಲನ್ನೂ ಎರಡೆರಡು ಸಲ ಓದಿದರು. ಆಮೇಲೆ ನಗು ಬಂತು. "ಅರ್ಧ ಪುಟವಂತೆ! ಅಮ್ಮನಿಗೆ ಸಿಕ್ಕಿದ್ರೆ ಅಪ್ಪನ್ನ ಜೀವಮಾನ ಪೂರ್ತಿ ಆಡಿಕೊಳ್ತಾಳೆ. ಹೇಗೆ ತೋರಿಸ್ಲಿ ಅಕ್ಕಾ ಇದನ್ನ?"

ಅತ್ತೆ ಫೋನು ತಮ್ಮ ಕಡೆ ಎಳೆದುಕೊಂಡು, ಎರಡು ಬೆರಳಿಂದ ಆ ಮೂರು ಸಾಲನ್ನು ಅಗಲಿಸಿದರು. ಹಲ್ಲುಪುಡಿ ಆಚೆ ಸರಿದುಹೋಗಿ, ಅಪ್ಪನ ಹೆಸರು ಪರದೆ ತುಂಬ ನಿಂತಿತು.

"ಹೀಗೆ ತೋರಿಸಿ," ಎಂದರು.