ಹೂಂಗುಟ್ಟದ ಕಂಪ್ಯೂಟರು

ನಮ್ಮ ಶಾಲೆಗೆ ಮೈಕು ಇರುವ ಹೆಡ್‌ಫೋನುಗಳು ಬಂದಾಗ ನಾನು ಕುಣಿದಾಡುವುದೊಂದು ಬಾಕಿ. ಬಿಂಡಿಗನವಿಲೆ ಕಡೆಯ ಸರ್ಕಾರಿ ಪ್ರೌಢಶಾಲೆ ನಮ್ಮದು. ನಾನು ಅಲ್ಲಿ ಇಂಗ್ಲಿಷ್ ಮೇಡಂ. ದಿನಾ ನಾಗಮಂಗಲದಿಂದ ಬಸ್ಸಿನಲ್ಲಿ ಬಂದು, ಬೋರ್ಡಿನ ಮೇಲೆ ಬರೆದೂ ಬರೆದೂ ಕೈ ಸೋತಿತ್ತೇ ಹೊರತು, ಒಬ್ಬಿಬ್ಬರನ್ನು ಬಿಟ್ಟರೆ ಮಕ್ಕಳ ಬಾಯಿಂದ ಒಂದು ಇಂಗ್ಲಿಷ್ ವಾಕ್ಯ ಹೊರಡಿಸಲು ಆಗಿರಲಿಲ್ಲ. ಇನ್ನು ಮೇಲೆ ಆನ್‌ಲೈನ್ ಪಾಠವೇ ಮಾತಾಡುತ್ತದೆ, ಮಕ್ಕಳು ಕೇಳಿಸಿಕೊಂಡು ಉತ್ತರ ಹೇಳುತ್ತಾರೆ, ಅಂಕವನ್ನೂ ಅದೇ ಕೊಡುತ್ತದೆ. ನನಗೆ ಕಾಲು ಚಾಚಿ ಕೂರುವ ಕೆಲಸವಷ್ಟೇ ಅಂದುಕೊಂಡಿದ್ದೆ.

ತಲೆ ಕೆಡಿಸಿದವಳು ಹತ್ತನೇ ತರಗತಿಯ ಒಬ್ಬ ಹುಡುಗಿ. ಅಜ್ಜಿಯ ಜೊತೆ ಇದ್ದಳು. ಶಾಲೆ ಬಿಟ್ಟ ಮೇಲೆ ಇಬ್ಬರೂ ಕುರಿ ಕಾಯುತ್ತಿದ್ದರು. ಶ್ರೀರಂಗಪಟ್ಟಣದ ಕಡೆಯ ಒಂದು ವಸತಿ ಕಾಲೇಜಿನಲ್ಲಿ ಊಟ, ಓದು ಎಲ್ಲ ಬಿಟ್ಟಿ. ಆದರೆ ಸೇರಬೇಕಾದರೆ ಕಂಪ್ಯೂಟರಿನ ಮುಂದೆ ಕೂತು ಇಂಗ್ಲಿಷಿನಲ್ಲಿ ತನ್ನ ಬಗ್ಗೆ ಮಾತಾಡಿ ತೋರಿಸಬೇಕು. ಅದು ಕೈತಪ್ಪಿದರೆ ಓದು ಅಲ್ಲಿಗೇ ನಿಲ್ಲುತ್ತದೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ತರಗತಿಯಲ್ಲಿ ಅವಳು ಮಾತಿನ ಮಲ್ಲಿ. ನನ್ನೆದುರು ನಿಂತು ತಪ್ಪೋ ಒಪ್ಪೋ ಇಂಗ್ಲಿಷಿನಲ್ಲಿ ಕುರಿಮರಿಯ ಚೇಷ್ಟೆ ಹೇಳಿ ನಗಿಸುತ್ತಿದ್ದಳು. ಅದೇ ಹುಡುಗಿ ಹೆಡ್‌ಫೋನು ಹಾಕಿಕೊಂಡರೆ ಒಂದು ವಾಕ್ಯ ಹೇಳಿ ಬಾಯಿ ಮುಚ್ಚಿಬಿಡುವಳು. ಮಾತು ಮುಗಿಯಿತೆಂದು ಕಂಪ್ಯೂಟರು ಅಂಕ ಕೊಟ್ಟು ಮುಂದೆ ಹೋಗುತ್ತಿತ್ತು. ಆ ಅಂಕ ನೋಡಿದರೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ.

ಮೈಕು ಕೆಟ್ಟಿರಬೇಕೆಂದು ಬದಲಾಯಿಸಿದೆ. ನಾಚಿಕೆ ಇರಬೇಕೆಂದು ಉಳಿದ ಮಕ್ಕಳನ್ನೆಲ್ಲ ಹೊರಗೆ ಕಳಿಸಿದೆ, ಇನ್ನಷ್ಟು ಹದಗೆಟ್ಟಿತು. ಕೊನೆಗೆ ನಾನೇ ಪಕ್ಕದಲ್ಲಿ ಕೂತೆ. ಆಗ ನೋಡಿ, ಹುಡುಗಿ ಸರಾಗವಾಗಿ ಮಾತಾಡಿದಳು. ಆದರೂ ಅಂಕ ಕೆಳಗೇ. ರೆಕಾರ್ಡಿಂಗ್ ಹಾಕಿ ಕೇಳಿದರೆ ಅವಳ ಮಾತಿನ ನಡುನಡುವೆ ಇನ್ಯಾರದೋ ಗೊಗ್ಗರು ದನಿ. ಯಾರದು ಎಂದು ಗದರಲು ಹೊರಟವಳು ಸುಮ್ಮನಾದೆ. ಅದು ನನ್ನದೇ ಗಂಟಲು! ನಾನು ಯಾವಾಗ ಬಾಯಿ ಬಿಟ್ಟೆ, ಯಾಕೆ ಬಿಟ್ಟೆ, ಒಂದೂ ನೆನಪಿರಲಿಲ್ಲ.

"ಒಬ್ಬಳೇ ಇದ್ದಾಗ ಯಾಕವ್ವ ನಿಲ್ಲಿಸ್ತೀಯ?" ಎಂದು ಕೇಳಿದೆ.

"ಗೊತ್ತಿಲ್ಲ ಮಿಸ್. ಮುಂದ್ಕೆ ಮಾತೇ ಬರಕ್ಕಿಲ್ಲ," ಅಂದಳು.

ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕಂಪ್ಯೂಟರಿಗಂತೂ ನಮ್ಮಿಬ್ಬರ ಗೊಡವೆಯೇ ಇರಲಿಲ್ಲ.

ಹುಡುಗಿಯನ್ನು ಕಾಲೇಜಿಗೆ ಕಳಿಸುವ ಮಾತಾಡೋಣವೆಂದು ಒಂದು ದಿನ ಅಜ್ಜಿಯನ್ನು ಕರೆಸಿದೆ. ಅವರು ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದು ಬೆಂಚಿನ ಮೇಲೆ ಕೂತರು. ಸ್ಪೀಕರಿನಲ್ಲಿ ಪಾಠ ಓಡುತ್ತಿತ್ತು. ಹೆಂಗಸಿನ ದನಿಯೊಂದು ಇಂಗ್ಲಿಷಿನಲ್ಲಿ ತನ್ನ ಊರಿನ ಸಮಾಚಾರ ಹೇಳುತ್ತಿತ್ತು. ಒಂದೊಂದು ವಾಕ್ಯ ಮುಗಿದಾಗಲೂ ಅಜ್ಜಿ ಎಲೆಅಡಿಕೆ ತುಂಬಿದ ಬಾಯಲ್ಲೇ "ಊಂ" ಅನ್ನುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ.

"ಅಜ್ಜಿ, ನಿಮಗೆ ಇಂಗ್ಲಿಷ್ ಅರ್ಥ ಆಗುತ್ತಾ?"

"ಅಯ್ಯೋ, ನಂಗೇನ್ ತಿಳೀತದೆ ಮೇಡಮ್ಮೋರೆ! ಪಾಪ, ಆ ಎಣ್ಮಗ ಆಗ್ಲಿಂದ ಒಂದೇ ಸಮ್ನೆ ಏಳ್ತಾವ್ಳೆ. ನೀವ್ಯಾರೂ ಊಂ ಅನ್ನಲ್ವಲ್ಲ. ಅವ್ಳಿಗೆ ಬೇಜಾರಾಗಕ್ಕಿಲ್ವಾ?"

ನನ್ನ ನಗು ಅಲ್ಲೇ ನಿಂತಿತು. ನಮ್ಮ ಕಡೆ ಒಬ್ಬರು ಹೇಳುತ್ತಿದ್ದರೆ ಕೇಳುವವರು ಹೂಂಗುಟ್ಟಲೇಬೇಕು. ಹೂಂ ನಿಂತರೆ ಮಗು ಮಲಗಿತೆಂದು ಕಥೆ ಹೇಳುವವರೂ ನಿಲ್ಲಿಸುತ್ತಾರೆ. ನಾನೂ ಅಮ್ಮನ ಕಥೆಗೆ ಹಾಗೆ ಹೂಂಗುಟ್ಟಿ ಬೆಳೆದವಳೇ. ರೆಕಾರ್ಡಿಂಗಿನಲ್ಲಿ ಕೇಳಿದ್ದೂ ಅದೇ ಹೂಂ. ಹುಡುಗಿ ಒಂದು ವಾಕ್ಯ ಹೇಳಿ ಹೂಂ ಬರಲೆಂದು ಕಾಯುತ್ತಿದ್ದಳು. ಕಂಪ್ಯೂಟರು ಹೂಂ ಅನ್ನುತ್ತಿರಲಿಲ್ಲ.

ಕಾರಣ ಗೊತ್ತಾದ ಮೇಲೆ ಗೊಂದಲ ಕಡಿಮೆಯಾಗಬೇಕಿತ್ತು, ನನಗೆ ಹೆಚ್ಚಾಯಿತು. ನಾನು ಹೂಂ ಅಂದರೆ ಎರಡು ದನಿ ಸೇರಿ ಅಂಕ ಹೋಗುತ್ತದೆ. ಅನ್ನದಿದ್ದರೆ ಹುಡುಗಿಯ ಮಾತು ನಿಲ್ಲುತ್ತದೆ. ತಲೆಯಾಡಿಸೋಣವೆಂದರೆ ಅವಳ ಕಣ್ಣು ಪರದೆಯ ಮೇಲೆ. ಭುಜ ತಟ್ಟಿದರೆ ಬೆಚ್ಚಿಬಿದ್ದಳು. ಯಾರೋ ಕೇಳುತ್ತಿದ್ದಾರೆ ಅಂದುಕೊಂಡು ಮಾತಾಡವ್ವ ಎಂದು ಗೋಗರೆದೆ. ಒಳಗೊಳಗೆ ಸಿಟ್ಟೂ ಬರುತ್ತಿತ್ತು. ಕೇಳುವವರಿಲ್ಲದೆ ಮಾತಾಡುವುದನ್ನು ಕಲಿಸುವುದೂ ಒಂದು ಪಾಠವೇ? ಕಲಿಸದಿದ್ದರೆ ಅವಳ ಕಾಲೇಜು ಹೋಗುತ್ತದಲ್ಲ? ಬಸ್ಸಿನಲ್ಲಿ ಕೂತು ಇದನ್ನೇ ಯೋಚಿಸುತ್ತ ಒಮ್ಮೆ ಇಳಿಯುವ ಸ್ಟಾಪನ್ನೇ ಮರೆತೆ.

ಸಂದರ್ಶನದ ದಿನ ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ಹುಡುಗಿ ಒಬ್ಬಳೇ ಇರಬೇಕೆಂದು ಕಾಲೇಜಿನವರ ಷರತ್ತು. ನಾನೂ ಅಜ್ಜಿಯೂ ಕಿಟಕಿಯ ಹೊರಗೆ ನಿಂತೆವು. ಪರದೆಯ ಮೇಲೆ ಕಂಡ ಕಾಲೇಜಿನ ಇಬ್ಬರು, ನಿನ್ನ ಬಗ್ಗೆ ಹೇಳು ಎಂದು ಕೇಳಿ, ತಮ್ಮ ಮೈಕು ಆಫ್ ಮಾಡಿಕೊಂಡು ತಲೆ ತಗ್ಗಿಸಿ ಏನೋ ಬರೆಯುತ್ತ ಕೂತರು. ಹುಡುಗಿ ತನ್ನ ಊರಿನ ಹೆಸರು ಹೇಳಿದಳು. ಅಲ್ಲಿಗೇ ಮಾತು ನಿಲ್ಲಿಸಿದಳು. ಅಜ್ಜಿಯ ಬಾಯಿ ತೆರೆದುಕೊಳ್ಳುವುದನ್ನು ಕಂಡು ಅವರ ಕೈ ಗಟ್ಟಿಯಾಗಿ ಹಿಡಿದೆ. ಎಲ್ಲ ಮುಗಿಯಿತು ಅಂದುಕೊಂಡೆ.

ಆಗ ಒಳಗಿನಿಂದ ಸಣ್ಣಗೆ "ಹೂಂ" ಎಂದು ಕೇಳಿಸಿತು. ಅವಳದೇ ದನಿ. ತನಗೆ ತಾನೇ ಹೂಂ ಅಂದುಕೊಂಡು ಎರಡನೇ ವಾಕ್ಯ ಹೇಳಿದಳು. ಮತ್ತೆ ಹೂಂ, ಮತ್ತೆ ಮಾತು. ಹಾಗೇ ಅಜ್ಜಿಯ ವಿಚಾರ, ಕುರಿಗಳ ವಿಚಾರ, ಮುಂದೆ ಓದಬೇಕೆಂಬ ಆಸೆ, ಎಲ್ಲ ಹೇಳಿ ಮುಗಿಸಿದಳು. ಬರೆಯುತ್ತಿದ್ದ ಇಬ್ಬರೂ ತಲೆಯೆತ್ತಿ ನೋಡುತ್ತಿದ್ದರು.

ಸೀಟು ಸಿಕ್ಕಿತು. ಶಾಲೆಯಲ್ಲಿ ಸಿಹಿ ಹಂಚಿದೆವು. ನನಗೆ ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಆ ಸಣ್ಣ ಹೂಂ ಮಾತ್ರ ಕಿವಿಯಿಂದ ಹೋಗಲಿಲ್ಲ. ಆ ಮಗುವಿಗೆ ನಾನು ಏನು ಕಲಿಸಿದೆ, ಏನು ಬಿಡಿಸಿದೆ ಎಂಬುದು ಇವತ್ತಿಗೂ ಬಗೆಹರಿದಿಲ್ಲ.

ಅವಳು ಹೊರಟ ದಿನ ಬಸ್ಸು ಹತ್ತಿಸಲು ನಾನೂ ಹೋಗಿದ್ದೆ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅಜ್ಜಿ ಕೈ ಬೀಸುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ಅಲ್ಲಿ ನಮ್ ಎಣ್ಮಗ ಮಾತಾಡುದ್ರೆ ಊಂ ಅನ್ನೋರು ಯಾರಾದ್ರೂ ಅವ್ರಾ ಮೇಡಮ್ಮೋರೆ?"

ನನಗೆ ಗೊತ್ತಿರಲಿಲ್ಲ. ಆದರೂ ಹೂಂ ಅಂದೆ.